ಸವಾಲಿನಲ್ಲಿ ಸಿಗದ ಮಾರ್ದವ

ಭಾದ್ರಪದ ಶುಕ್ಲ ಪಂಚಮಿಯಂದು ಉತ್ತಮ ಕ್ಷಮೆಯಿಂದ ಆರಂಭವಾಗುವ ದಶಲಕ್ಷಣ ಪರ್ವದಲ್ಲಿ ಎರಡನೆಯ ದಿನವು ಉತ್ತಮ ಮಾರ್ದವಕ್ಕೆ ಮೀಸಲಾದುದು. ಆ ದಿನ ಬಸದಿಗಳಲ್ಲಿ ಪ್ರವಚನಗಳು ನಡೆಯುತ್ತವೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಅತ್ಯಂತ ಸೂಕ್ಷ್ಮವಾದುದು, ಅದನ್ನು ಗೆಲ್ಲದವನ ವ್ರತ ಉಪವಾಸಗಳೆಲ್ಲ ನಿಷ್ಫಲವೆಂದು ವಿದ್ವಾಂಸರು ಬೋಧಿಸುತ್ತಾರೆ. ಶ್ರಾವಕ ಶ್ರಾವಿಕೆಯರು ತಲೆದೂಗುತ್ತಾರೆ. ಪ್ರವಚನ ಮುಗಿದು ಹತ್ತು ನಿಮಿಷ ಕಳೆಯುವುದರೊಳಗೆ, ಎಷ್ಟೋ ಬಸದಿಗಳಲ್ಲಿ, ಅದೇ ಮಂಟಪದಲ್ಲಿ ಅದೇ ಧ್ವನಿವರ್ಧಕದ ಮೂಲಕ ಮರುದಿನದ ಅಭಿಷೇಕದ ಸವಾಲು ಆರಂಭವಾಗುತ್ತದೆ. ಮೊದಲ ಕಲಶ ಯಾರದು? ಶಾಂತಿಧಾರೆ ಯಾರದು? ಮಂಗಳಾರತಿ ಯಾರದು? ಒಬ್ಬರು ಐದು ಸಾವಿರವೆಂದರೆ ಮತ್ತೊಬ್ಬರು ಆರು ಸಾವಿರವೆನ್ನುತ್ತಾರೆ. ಕೂಗು ಏರಿದಷ್ಟೂ ಸಭೆಗೆ ಕಳೆ ಬರುತ್ತದೆ. ಗೆದ್ದವರ ಹೆಸರನ್ನು ಮೂರು ಬಾರಿ ಸಾರಲಾಗುತ್ತದೆ. ಸೋತವರು ಮುಖ ಬಾಡಿಸಿಕೊಂಡು ಮನೆಗೆ ತೆರಳುತ್ತಾರೆ. ಕೂಗಲು ಕೈಯಲ್ಲಿ ಏನೂ ಇಲ್ಲದವರು ಮೊದಲಿನಿಂದಲೂ ಕಂಬದ ಹಿಂದೆಯೇ ಕುಳಿತಿರುತ್ತಾರೆ.

ಪ್ರವಚನಕ್ಕೂ ಸವಾಲಿಗೂ ನಡುವೆ ಇರುವ ವಿರೋಧವು ಯಾರ ಕಣ್ಣಿಗೂ ಬೀಳುತ್ತಿಲ್ಲವೆಂಬುದೇ ಇಲ್ಲಿನ ವಿಪರ್ಯಾಸ. ಮಾನಕಷಾಯವನ್ನು ಕರಗಿಸಬೇಕಾದ ಸ್ಥಳವೇ ಅದನ್ನು ಬೆಳೆಸಿ, ತೂಗಿ, ಬೆಲೆ ಕಟ್ಟುವ ಮಂಡಿಯಾಗಿ ಮಾರ್ಪಟ್ಟಿದೆ. ಮಾರ್ದವವು ಕೇಳಿ ಬರುವ ಗುಣವಲ್ಲ. ಮಾಡಿ ಬರುವ ಗುಣ. ಮನೆಯಲ್ಲಿ, ಅಂಗಡಿಯಲ್ಲಿ, ಬಸದಿಯಲ್ಲಿ, ಟ್ರಸ್ಟಿನ ಸಭೆಯಲ್ಲಿ ದಿನವೂ ಅಭ್ಯಾಸವಾಗದ ಹೊರತು ಅದು ಕೈಗೂಡದು. ಆ ಅಭ್ಯಾಸಕ್ಕೆ ಎಡೆಯನ್ನೇ ಕೊಡದ ವ್ಯವಸ್ಥೆಯನ್ನು ಕಟ್ಟಿಕೊಂಡು ವರ್ಷಕ್ಕೊಂದು ದಿನ ಮಾರ್ದವದ ಮಾತನಾಡುವುದು ಮಾನವನ್ನು ಕಳೆಯುವುದಿರಲಿ, ಅದರ ಜೊತೆಗೆ ಮಾಯೆಯೆಂಬ ಮತ್ತೊಂದು ಕಷಾಯವನ್ನೂ ಕೂಡಿಸುತ್ತದೆ.

ಶಾಸ್ತ್ರವು ಈ ವಿಷಯದಲ್ಲಿ ಏನನ್ನೂ ಮಸುಕಾಗಿ ಬಿಟ್ಟಿಲ್ಲ. ಚಾಮರಾಜನಗರ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪರಂಪರೆ ನಂಬುತ್ತ ಬಂದಿದೆ. ಆ ಆಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಮಾರ್ದವಕ್ಕೆ ಕೊಟ್ಟ ಅರ್ಥವು ಬಹು ಸರಳವಾದುದು: ಜಾತಿ ಮೊದಲಾದವುಗಳ ಮದದಿಂದ ಹುಟ್ಟುವ ಅಭಿಮಾನವು ಇಲ್ಲದಿರುವುದೇ ಮಾರ್ದವ. ಆ 'ಮೊದಲಾದವು' ಯಾವುವೆಂಬುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ್ದಾರೆ. ಜ್ಞಾನ, ಪೂಜೆ ಎಂದರೆ ಜನರಿಂದ ದೊರೆಯುವ ಗೌರವ, ಕುಲ, ಜಾತಿ, ಬಲ, ಸಂಪತ್ತು, ತಪಸ್ಸು, ದೇಹಸೌಂದರ್ಯ ಇವು ಎಂಟು. ಈ ಎಂಟರಲ್ಲಿ ಒಂದೂ ಸ್ವತಃ ಕೆಟ್ಟದ್ದಲ್ಲ ಎಂಬುದನ್ನು ಗಮನಿಸಬೇಕು. ಜ್ಞಾನ ಕೆಟ್ಟದ್ದೇ? ತಪಸ್ಸು ಕೆಟ್ಟದ್ದೇ? ಒಳ್ಳೆಯದರಲ್ಲಿಯೇ ಮದವು ಗೂಡು ಕಟ್ಟುತ್ತದೆ. ಹೀಗಿರುವಾಗ ದಾನದಲ್ಲಿಯೂ ಪೂಜೆಯಲ್ಲಿಯೂ ಅದು ಗೂಡು ಕಟ್ಟದೆಂದು ನಂಬುವುದು ಹೇಗೆ?

ಸಮಂತಭದ್ರರು ಎಣಿಕೆಗೆ ನಿಲ್ಲುವುದಿಲ್ಲ. ಮದದಿಂದ ಬೀಗಿ ಧರ್ಮದಲ್ಲಿ ನಿಂತ ಇತರರನ್ನು ಕಡೆಗಣಿಸುವವನು ತನ್ನ ಧರ್ಮವನ್ನೇ ಕಡೆಗಣಿಸುತ್ತಾನೆ, ಏಕೆಂದರೆ ಧಾರ್ಮಿಕರನ್ನು ಬಿಟ್ಟು ಧರ್ಮವೆಂಬುದು ಬೇರೆಲ್ಲಿಯೂ ನೆಲೆಸಿಲ್ಲ ಎಂಬ ಆಶಯವನ್ನು ಅವರು ಮುಂದಿನ ಶ್ಲೋಕದಲ್ಲಿ ಹೇಳುತ್ತಾರೆ. ಈ ಮಾತನ್ನು ಸವಾಲಿನ ಮಂಟಪಕ್ಕೆ ಅನ್ವಯಿಸಿ ನೋಡಬೇಕು. ಕಂಬದ ಹಿಂದೆ ಕುಳಿತ ಬಡ ಶ್ರಾವಕನು ರಾತ್ರಿ ಭೋಜನ ಬಿಟ್ಟವನಿರಬಹುದು, ನಿತ್ಯ ಸ್ವಾಧ್ಯಾಯ ಮಾಡುವವನಿರಬಹುದು. ಅವನಿಗೆ ಜಿನಬಿಂಬದ ಬಳಿ ಮೊದಲು ನಿಲ್ಲುವ ಅವಕಾಶ ಬದುಕಿನುದ್ದಕ್ಕೂ ಒಮ್ಮೆಯೂ ದೊರೆಯದಂತೆ ಮಾಡಿದ ಪದ್ಧತಿಯು ಯಾರನ್ನು ಕಡೆಗಣಿಸಿದಂತಾಯಿತು?

ಇನ್ನೂ ಮುಖ್ಯವಾದುದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಕೊನೆಯ ಭಾಗ. ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣಗಳಾವುವು ಎಂಬುದಕ್ಕೆ ಅಲ್ಲಿ ದೊರೆಯುವ ಉತ್ತರ ಇದು: ಪರರ ನಿಂದೆ, ತನ್ನ ಪ್ರಶಂಸೆ, ಇತರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಮೆರೆಸುವುದು. ಇದಕ್ಕೆ ವಿರುದ್ಧವಾದ ನಡತೆ, ಬಾಗುವಿಕೆ ಮತ್ತು ಗರ್ವವಿಲ್ಲದಿರುವಿಕೆ ಉಚ್ಚಗೋತ್ರಕ್ಕೆ ಕಾರಣ. ಕುಲದ ಹಿರಿಮೆಯನ್ನು ಹೇಳಿಕೊಳ್ಳುವವನು ಆ ಹೇಳಿಕೆಯಿಂದಲೇ ಮುಂದೆ ಅದನ್ನು ಕಳೆದುಕೊಳ್ಳುವ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದಾನೆ. ಸನ್ಮಾನ ಸಮಾರಂಭಗಳಲ್ಲಿ ಓದುವ ಅಭಿನಂದನ ಪತ್ರಗಳನ್ನು ಈ ಸೂತ್ರದ ಪಕ್ಕದಲ್ಲಿಟ್ಟು ಓದಿದರೆ, ಸನ್ಮಾನಿತರಿಗೆ ಸಮಾಜವು ಮಾಡುತ್ತಿರುವುದು ಉಪಕಾರವೋ ಅಪಕಾರವೋ ಎಂಬ ಸಂದೇಹ ಮೂಡದಿರದು.

ಚಾಮರಾಜನಗರದ ಶ್ರಾವಕರು ಈ ಪಾಠಕ್ಕಾಗಿ ದೂರ ಹೋಗಬೇಕಾದುದಿಲ್ಲ. ಊರಿನ ಪಾರ್ಶ್ವನಾಥ ಬಸದಿಯ 1117ನೆಯ ಇಸವಿಯ ಶಾಸನವೇ ಸಾಕು. ಊರಿಗೆ ಆಗ ಇದ್ದುದು ಅರಿಕುಠಾರವೆಂಬ ಹಳೆಯ ಹೆಸರು; ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಚಾಮರಾಜನಗರವೆಂದು ಹೆಸರಿಟ್ಟುದು 1818ರಲ್ಲಿ. ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ಸಂಧಿವಿಗ್ರಹಿಯೂ ದಂಡನಾಯಕನೂ ಆಗಿದ್ದ ಪುಣಿಸಮಯ್ಯ. ನೀಲಗಿರಿಯವರೆಗೆ ದಂಡೆತ್ತಿ ಹೋದ ಆ ಸೇನಾನಿಯ ಯುದ್ಧದ ವಿವರಗಳನ್ನು ಶಾಸನವು ಹೇಳುತ್ತದೆ. ಆದರೆ ಅದು ಅಷ್ಟಕ್ಕೇ ಮುಗಿಯುವುದಿಲ್ಲ. ವ್ಯಾಪಾರದಲ್ಲಿ ಎಲ್ಲವನ್ನೂ ಕಳೆದುಕೊಂಡ ವರ್ತಕ, ಬಿತ್ತಲು ಬೀಜವಿಲ್ಲದ ಒಕ್ಕಲಿಗ, ಪದವಿ ಕಳೆದುಕೊಂಡು ಆಳಾಗಿ ಹೋದ ಕಿರಾತ ನಾಯಕ, ಇಂತಹವರಿಗೆ ಅವರವರು ಕಳೆದುಕೊಂಡುದನ್ನು ಕೊಟ್ಟು ಆತನು ಪೊರೆದನೆಂದು ಅದು ದಾಖಲಿಸುತ್ತದೆ.

ಈ ಪಟ್ಟಿಯನ್ನು ನಿಧಾನವಾಗಿ ನೋಡಬೇಕು. ಗೆದ್ದ ಸೇನಾನಿಯ ಬಸದಿಯ ಕಲ್ಲಿನ ಮೇಲೆ ಸೋತವರಿಗೆ ಸ್ಥಾನ ದೊರೆತಿದೆ. ದಿವಾಳಿಯೆದ್ದ ವರ್ತಕನಿಗೆ, ಬರಿಗೈ ರೈತನಿಗೆ, ಕಾಡಿನ ನಾಯಕನಿಗೆ. ಅವರು ಜೈನರೋ ಅಲ್ಲವೋ ಎಂಬ ವಿಚಾರವೇ ಅಲ್ಲಿ ಬರುವುದಿಲ್ಲ. ಇನ್ನು ಇಂದಿನ ಫಲಕಗಳನ್ನು ನೋಡಬೇಕು. ಬಸದಿಯ ಮೆಟ್ಟಿಲಿಗೊಂದು ಹೆಸರು, ಬೀಸಣಿಗೆಯ ರೆಕ್ಕೆಗೊಂದು ಹೆಸರು, ಕುಡಿಯುವ ನೀರಿನ ತೊಟ್ಟಿಗೊಂದು ಹೆಸರು. ಹೆಸರಿನ ಮುಂದೆ ಬಿರುದು, ಹೆಸರಿನ ಕೆಳಗೆ ಮೊತ್ತ. ಆ ಬೀಸಣಿಗೆಯ ಗಾಳಿ ಯಾರಿಗೆ ತಂಪು ನೀಡಿತು, ಆ ನೀರು ಯಾರ ಬಾಯಾರಿಕೆ ಕಳೆಯಿತು ಎಂಬ ಒಂದು ಮಾತೂ ಯಾವ ಫಲಕದಲ್ಲಿಯೂ ಇರುವುದಿಲ್ಲ. ಪುಣಿಸನ ಕಲ್ಲಿನಲ್ಲಿ ಪಡೆದವರು ಇದ್ದಾರೆ. ಇಂದಿನ ಕಲ್ಲಿನಲ್ಲಿ ಕೊಟ್ಟವರು ಮಾತ್ರ ಇದ್ದಾರೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಶಾಸನವೂ ಪ್ರಶಸ್ತಿಯೇ ತಾನೆ? ಪುಣಿಸನು ತನ್ನ ಹೆಸರನ್ನು ಕೊರೆಸಿಕೊಂಡಿಲ್ಲವೇ? ಕೊರೆಸಿಕೊಂಡಿದ್ದಾನೆ, ಅದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ದಂಡನಾಯಕನೂ ಮಾನಕಷಾಯವನ್ನು ಗೆದ್ದವನಲ್ಲ. ಆದರೆ ಅಂದಿನ ಶಾಸನವು ಒಂದು ದಸ್ತಾವೇಜೂ ಆಗಿತ್ತು. ದತ್ತಿ ಬಿಟ್ಟ ಭೂಮಿ ಮುಂದೆ ಕೈತಪ್ಪದಿರಲೆಂದು ಅದನ್ನು ಕಲ್ಲಿನಲ್ಲಿ ಬರೆಸುತ್ತಿದ್ದರು. ಇಂದು ಆ ಕೆಲಸಕ್ಕೆ ನೋಂದಣಿ ಕಚೇರಿಯಿದೆ, ರಸೀದಿ ಪುಸ್ತಕವಿದೆ, ಲೆಕ್ಕ ಪರಿಶೋಧಕರಿದ್ದಾರೆ. ದಾಖಲೆಯ ಹೊರೆಯನ್ನು ಕಾಗದವು ಹೊತ್ತುಕೊಂಡ ಮೇಲೆ ಕಲ್ಲಿಗೆ ಉಳಿದುದು ಮಾನದ ಹೊರೆಯೊಂದೇ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಸವಾಲಿಲ್ಲದೆ ಬಸದಿ ನಡೆಯುವುದು ಹೇಗೆಂದು ಟ್ರಸ್ಟಿನವರು ಕೇಳುತ್ತಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ಅವರಲ್ಲಿ ಹೆಚ್ಚಿನವರು ಬೆಳಗಾವಿ ಮೊದಲಾದ ಉತ್ತರದ ಜಿಲ್ಲೆಗಳಲ್ಲಿಯೂ ಕರಾವಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದಾರೆ. ಚಾಮರಾಜನಗರ, ಗುಂಡ್ಲುಪೇಟೆಗಳಂತಹ ಕಡೆ ಇರುವ ಮನೆಗಳು ಕೆಲವೇ. ಪುರೋಹಿತರ ಸಂಭಾವನೆ, ದೀಪದೆಣ್ಣೆ, ಸೋರುವ ಮಾಳಿಗೆ, ಎಲ್ಲಕ್ಕೂ ಹಣ ಬೇಕು. ಈ ಕಷ್ಟವು ನಿಜವಾದುದು. ಅದನ್ನು ಹಗುರವಾಗಿ ಕಾಣುವುದು ಅನ್ಯಾಯವಾದೀತು.

ಆದರೆ ಸವಾಲಿನ ಲೆಕ್ಕದಲ್ಲಿ ಜಮೆಯ ಪುಟವನ್ನು ಮಾತ್ರ ಓದಲಾಗುತ್ತಿದೆ. ಖರ್ಚಿನ ಪುಟವನ್ನು ಯಾರೂ ತೆರೆಯುವುದಿಲ್ಲ. ಕೆಲವೇ ಮನೆಗಳಿರುವ ಊರಿನಲ್ಲಿ ಇಬ್ಬರು ಶ್ರೀಮಂತರು ಮೊದಲ ಕಲಶಕ್ಕಾಗಿ ಪೈಪೋಟಿಗಿಳಿದರೆ ಸಮಾಜವು ಎರಡು ಬಣವಾಗುತ್ತದೆ. ಒಬ್ಬರು ಅಧ್ಯಕ್ಷರಾದರೆ ಇನ್ನೊಬ್ಬರು ಬಸದಿಗೆ ಬರುವುದನ್ನೇ ಬಿಡುತ್ತಾರೆ. ಅನ್ಯರ ಅಂಗಡಿಯಲ್ಲಿ ಲೆಕ್ಕ ಬರೆದು ಬದುಕುವ ಜೈನ ಕುಟುಂಬವು, ಮಕ್ಕಳ ಮುಂದೆ ತನ್ನ ಬಡತನವು ಧ್ವನಿವರ್ಧಕದಲ್ಲಿ ಅಳೆಯಲ್ಪಡುವುದನ್ನು ಸಹಿಸಲಾರದೆ, ಪರ್ವದ ದಿನಗಳಲ್ಲಿಯೇ ಮನೆಯಲ್ಲಿ ಉಳಿಯುತ್ತದೆ. ಓದಲು ಮೈಸೂರಿಗೂ ಬೆಂಗಳೂರಿಗೂ ಹೋದ ಮಕ್ಕಳು ಧರ್ಮವೆಂದರೆ ದುಡ್ಡಿದ್ದವರ ಆಟವೆಂದು ತಿಳಿದು ಮರಳಿ ಬರುವುದಿಲ್ಲ. ಇಷ್ಟು ನಷ್ಟವನ್ನು ಕಳೆದ ಮೇಲೆ ಸವಾಲಿನಲ್ಲಿ ಉಳಿಯುವ ಲಾಭವೆಷ್ಟು? ಮಾಳಿಗೆ ರಿಪೇರಿಯಾದೀತು, ಅದರ ಕೆಳಗೆ ಕುಳಿತುಕೊಳ್ಳುವವರು ಯಾರು?

ಅಲ್ಲದೆ ದಾನದ ಹಿರಿಮೆಯು ಯಾವುದರಿಂದ ಎಂಬುದನ್ನೂ ತತ್ತ್ವಾರ್ಥಸೂತ್ರವು ತಿಳಿಸಿದೆ: ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವವನು, ಪಡೆಯುವ ಪಾತ್ರ, ಈ ನಾಲ್ಕರ ವಿಶೇಷದಿಂದ. ದ್ರವ್ಯದ ವಿಶೇಷವೆಂದರೆ ಅದರ ಮೊತ್ತವಲ್ಲ. ಪಡೆದವರ ತಪಸ್ಸಿಗೂ ಸ್ವಾಧ್ಯಾಯಕ್ಕೂ ಅದು ನೆರವಾಗುವ ಗುಣ. ಇನ್ನೊಬ್ಬನನ್ನು ಸೋಲಿಸುವ ಸಲುವಾಗಿ ಏರಿಸಿದ ಮೊತ್ತದಲ್ಲಿ ವಿಧಿಯ ಶುದ್ಧಿಯೂ ಇಲ್ಲ, ದಾತೃವಿನ ಶುದ್ಧಿಯೂ ಇಲ್ಲ.

ಅಭಿಷೇಕವೆಂದೊಡನೆ ಶ್ರವಣಬೆಳಗೊಳದ ನೆನಪಾಗದಿರದು. 2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕದಲ್ಲಿ ಪ್ರಥಮ ಕಲಶಕ್ಕೆ 11 ಕೋಟಿ ರೂಪಾಯಿಗೂ ಮಿಕ್ಕಿದ ಮೊತ್ತ ಸಂದಿತು. ಅದನ್ನು ಆಸ್ಪತ್ರೆಯ ಕಾರ್ಯಕ್ಕೆ ವಿನಿಯೋಗಿಸಲಾಗುವುದೆಂದು ಪ್ರಕಟವಾಯಿತು. ರೋಗಿಗಳಿಗೆ ನೆರವಾಗುವ ಹಣವನ್ನು ನಿಂದಿಸುವುದು ಯಾರಿಗೂ ಶೋಭಿಸದು. ಆದರೆ ಅದೇ ವಿಂಧ್ಯಗಿರಿಯ ಮೇಲೆ ಗೊಮ್ಮಟನ ಎದುರಿಗೆ ಗುಳ್ಳಕಾಯಜ್ಜಿಯ ವಿಗ್ರಹ ಏಕೆ ನಿಂತಿದೆಯೆಂಬುದನ್ನು ಪ್ರತಿಯೊಬ್ಬ ಯಾತ್ರಿಕನೂ ನೆನೆಯಬೇಕು. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಿಗೆ ತನ್ನಂತಹ ಕಾರ್ಯವನ್ನು ಮಾಡಿದವರಿಲ್ಲವೆಂಬ ಭಾವ ಬಂದಿತಂತೆ. ಕೊಡಗಟ್ಟಲೆ ಹಾಲು ಸುರಿದರೂ ಅದು ಮೂರ್ತಿಯ ಪಾದವನ್ನು ಮುಟ್ಟಲಿಲ್ಲ. ಬಡ ಮುದುಕಿಯೊಬ್ಬಳು ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ಹಾಲು ಮುಡಿಯಿಂದ ಅಡಿಯವರೆಗೆ ಹರಿದು ಬೆಟ್ಟವನ್ನೇ ತೋಯಿಸಿತೆಂದು ಐತಿಹ್ಯ. ಐತಿಹ್ಯವನ್ನು ಹುಟ್ಟಿಸಿದ ಸಮಾಜವು ಸವಾಲಿನ ರೋಗವನ್ನು ಅಂದೇ ಗುರುತಿಸಿತ್ತು. ಆ ಅಜ್ಜಿಯು ಇಂದು ಬಂದರೆ ಅವಳಿಗೆ ಎಷ್ಟನೆಯ ಸಾಲಿನಲ್ಲಿ ಜಾಗ ದೊರೆತೀತು?

ಸ್ವತಃ ಬಾಹುಬಲಿಯ ಚರಿತ್ರೆಯೂ ಮಾನದ ಚರಿತ್ರೆಯೇ. ರಾಜ್ಯವನ್ನು ಬಿಟ್ಟರೂ, ದೇಹದ ಮೇಲಣ ಮೋಹವನ್ನು ತೊರೆದರೂ, ಮಾನಕಷಾಯದ ಕಲೆಯಿಂದಾಗಿ ಬಾಹುಬಲಿಯು ದೀರ್ಘಕಾಲ ಆತಾಪನ ಯೋಗದಲ್ಲಿಯೇ ನಿಲ್ಲಬೇಕಾಯಿತೆಂದು ಕುಂದಕುಂದಾಚಾರ್ಯರು ಭಾವಪಾಹುಡದಲ್ಲಿ ಹೇಳಿದ್ದಾರೆ. ಶ್ವೇತಾಂಬರ ಪರಂಪರೆಯಲ್ಲಿ ತನಗಿಂತ ಮೊದಲು ದೀಕ್ಷೆ ಪಡೆದ ಕಿರಿಯ ತಮ್ಮಂದಿರಿಗೆ ನಮಸ್ಕರಿಸಬೇಕಲ್ಲ ಎಂಬ ಸಂಕೋಚವೇ ಅವನನ್ನು ತಡೆಯಿತು. ತಂಗಿಯರಾದ ಬ್ರಾಹ್ಮಿ ಸುಂದರಿಯರು ಬಂದು ಆನೆಯ ಮೇಲಿಂದ ಇಳಿಯೆಂದು ಎಚ್ಚರಿಸಿದರು. ಹೇಳುವ ಬಗೆ ಬೇರೆಯಾದರೂ ತಾತ್ಪರ್ಯ ಒಂದೇ. ಸರ್ವಸ್ವವನ್ನೂ ತ್ಯಜಿಸಿದವನಲ್ಲಿಯೂ 'ತ್ಯಜಿಸಿದವನು ನಾನು' ಎಂಬುದು ಉಳಿದಿರಬಹುದು. ಹತ್ತು ಸಾವಿರ ರೂಪಾಯಿ ತ್ಯಜಿಸಿದ ಶ್ರಾವಕನಲ್ಲಿ ಅದು ಉಳಿದಿರಲಾರದೆ?

ಪದವಿಯ ಮಾನಕ್ಕೆ ಚಾಮರಾಜನಗರದಲ್ಲಿ ನಾಡಿಗೇ ತಿಳಿದ ಒಂದು ನಿದರ್ಶನವಿದೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಯು ಕುರ್ಚಿ ಕಳೆದುಕೊಳ್ಳುತ್ತಾನೆಂಬ ಮೂಢನಂಬಿಕೆ ಬಹುಕಾಲ ಹಬ್ಬಿತ್ತು. 1997ರಲ್ಲಿ ಜಿಲ್ಲೆಯು ರಚನೆಯಾದಾಗ ಅದರ ಉದ್ಘಾಟನೆಯೇ ಜಿಲ್ಲಾ ಕೇಂದ್ರದಲ್ಲಿ ನಡೆಯದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಹಲವು ಬಾರಿ ಬಂದು ಹೋಗಿಯೂ ಅವಧಿಯನ್ನು ಪೂರೈಸಿದ ಮೇಲೆ ಆ ಮಾತಿನ ಬಲ ಕುಗ್ಗಿತು. ಕುರ್ಚಿಯ ಭಯದಿಂದ ಒಂದು ಊರನ್ನೇ ದೂರವಿಟ್ಟವರನ್ನು ಕಂಡು ಜನರು ನಕ್ಕರು. ಆದರೆ ಧರ್ಮಸಂಸ್ಥೆಗಳ ಕುರ್ಚಿಗಳಿಗೆ ಅಂಟಿಕೊಂಡಿರುವ ಭಯವು ಇದಕ್ಕಿಂತ ಕಿರಿದಲ್ಲ. ಸರ್ವಸದಸ್ಯರ ಸಭೆ ಕರೆದರೆ ಅಧ್ಯಕ್ಷತೆ ಹೋದೀತೆಂದು ವರ್ಷಗಟ್ಟಲೆ ಸಭೆಯನ್ನೇ ಕರೆಯದಿರುವ, ಲೆಕ್ಕ ಕೇಳಿದ ಯುವಕನನ್ನು ಉದ್ಧಟನೆಂದು ಕೂರಿಸುವ, ತಂದೆಯ ಸ್ಥಾನಕ್ಕೆ ಮಗನನ್ನು ತಂದು ಅದನ್ನು ಸೇವೆಯೆಂದು ಕರೆಯುವ ಹಿರಿಯರು ಎಷ್ಟು ಊರುಗಳಲ್ಲಿಲ್ಲ? ಸೇವೆಯಾಗಿದ್ದರೆ ಬಿಡುವುದು ಇಷ್ಟು ಕಷ್ಟವಾಗಬೇಕೆ?

ವಿನಯದ ಹೆಸರಿನಲ್ಲಿ ನಡೆಯುವ ಇನ್ನೊಂದು ತಪ್ಪನ್ನು ಇಲ್ಲಿ ಬಯಲಿಗಿಡಬೇಕು. ವಿನಯವನ್ನು ಬೋಧಿಸುವುದು ಯಾವಾಗಲೂ ಕೆಳಗಿರುವವರಿಗೆ. ಸೊಸೆಗೆ, ಕಿರಿಯರಿಗೆ, ಕೆಲಸದವರಿಗೆ, ಪುರೋಹಿತರಿಗೆ. ಚಾಮರಾಜನಗರ ಸೀಮೆಯಲ್ಲಿ ದುಡಿಯುವ ಜನರು ಸಾಹುಕಾರನನ್ನು 'ಬುದ್ಧಿ' ಎಂದು ಕರೆಯುವ ರೂಢಿ ಇನ್ನೂ ಪೂರ್ತಿ ಅಳಿದಿಲ್ಲ. ಅರಿಸಿನದ ಮೂಟೆ ಹೊತ್ತು ಬಂದ ಎಪ್ಪತ್ತರ ಮುದುಕನು ಮೂವತ್ತರ ವ್ಯಾಪಾರಿಯನ್ನು 'ಬುದ್ಧಿ' ಎನ್ನುತ್ತಾನೆ. ವ್ಯಾಪಾರಿಯು 'ಏನ್ಲಾ' ಎನ್ನುತ್ತಾನೆ. ಇಲ್ಲಿ ವಿನಯವಂತರು ಯಾರು? ಮುದುಕನೆಂದು ಉತ್ತರಿಸುವವರು ತಪ್ಪಿದರು. ಅವನದು ವಿನಯವಲ್ಲ, ತಲೆಮಾರುಗಳಿಂದ ಬಂದ ಅಂಜಿಕೆ. ಬಾಗದೆ ಗತಿಯಿಲ್ಲದವನು ಬಾಗಿದರೆ ಅದು ಮಾರ್ದವವೆನಿಸದು. ಬಾಗದಿದ್ದರೂ ನಡೆಯುವಂತಹ ಸ್ಥಿತಿಯಲ್ಲಿ ಇರುವವನು ಬಾಗಿದರೆ ಮಾತ್ರ ಮಾರ್ದವ. ಆದುದರಿಂದ ಈ ಧರ್ಮದ ಪಾಠವು ಸಲ್ಲಬೇಕಾದುದು ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವನಿಗೆ, ವೇದಿಕೆಯ ಮೇಲೆ ಕುಳಿತವನಿಗೆ, ಮನೆಯ ಯಜಮಾನನಿಗೆ.

ತೋರಿಕೆಯ ವಿನಯವೂ ಹೆಚ್ಚು ದೂರವಿಲ್ಲ. 'ಅಲ್ಪನಾದ ನನ್ನಿಂದೇನಾದೀತು' ಎಂದು ಕೈಮುಗಿಯುವ ಚಿತ್ರವನ್ನೇ ಹತ್ತು ಅಡಿಯ ಫ್ಲೆಕ್ಸಿನಲ್ಲಿ ಹಾಕಿಸಿ ವೃತ್ತದಲ್ಲಿ ನಿಲ್ಲಿಸುವವರಿದ್ದಾರೆ. ಅನಂತ ಚತುರ್ದಶಿ ಕಳೆದು ಕ್ಷಮಾವಣಿ ಬಂದಾಗ ದಿಗಂಬರರೂ, ಸಂವತ್ಸರಿಯ ದಿನ 'ಮಿಚ್ಛಾಮಿ ದುಕ್ಕಡಂ' ಎನ್ನುವ ಶ್ವೇತಾಂಬರರೂ ಕ್ಷಮೆ ಯಾಚಿಸುವ ಪದ್ಧತಿ ಜಿನಧರ್ಮದ ಹೆಮ್ಮೆಯಲ್ಲ, ಅದರ ಔಷಧ. ಇಂದು ಬಣ್ಣದ ಚಿತ್ರವೊಂದು ವಾಟ್ಸಾಪ್ ಮೂಲಕ ಐನೂರು ಮಂದಿಗೆ ಒಮ್ಮೆಲೇ ಹೋಗುತ್ತದೆ. ಆ ಐನೂರರಲ್ಲಿ ನಾನೂರ ತೊಂಬತ್ತು ಮಂದಿಯೊಡನೆ ಕಳುಹಿಸಿದವನಿಗೆ ಜಗಳವೇ ಇಲ್ಲ. ಗಡಿಗಲ್ಲಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣನಿಗೆ, ಪಾಲುದಾರಿಕೆ ಮುರಿದ ಗೆಳೆಯನಿಗೆ ಮಾತ್ರ ಅದು ಹೋಗುವುದಿಲ್ಲ. ಕ್ಷಮೆ ಯಾರಲ್ಲಿ ಕೇಳಬೇಕೋ ಅವರನ್ನು ಬಿಟ್ಟು ಉಳಿದವರೆಲ್ಲರಲ್ಲಿ ಕೇಳುವುದು ಕ್ಷಮಾವಣಿಯ ಅಣಕವೇ ಸರಿ.

ಹಾಗಾದರೆ ಮಾರ್ದವವನ್ನು ಕಲಿಯುವುದು ಹೇಗೆ? ವಿನಯವು ಆರು ಅಂತರಂಗ ತಪಸ್ಸುಗಳಲ್ಲಿ ಎರಡನೆಯದು. ಉಪವಾಸಕ್ಕೆ ದಿನವಿದೆ, ಪಾರಣೆಯಿದೆ, ವಿನಯಕ್ಕೆ ಬಿಡುವಿಲ್ಲ. ಅಂಗಡಿಯಲ್ಲಿ ಬಂದವರೆಲ್ಲರನ್ನೂ ಬಹುವಚನದಿಂದ ಮಾತನಾಡಿಸುವುದು ಒಂದು ಅಭ್ಯಾಸ. ತೂಕದಲ್ಲಿ ತಪ್ಪಾದಾಗ ಆಳಿನ ಮೇಲೆ ಹಾಕದೆ ಗಿರಾಕಿಯ ಮುಂದೆಯೇ ಒಪ್ಪಿಕೊಳ್ಳುವುದು ಒಂದು ಅಭ್ಯಾಸ. ಮನೆಯಲ್ಲಿ ಬಡಿಸಿದವರು ಉಂಡರೋ ಇಲ್ಲವೋ ಎಂದು ವಿಚಾರಿಸುವುದು, ಉಂಡ ತಟ್ಟೆಯನ್ನು ತಾನೇ ತೊಳೆಯುವುದು, ಮಕ್ಕಳು ತಿದ್ದಿದಾಗ ಸಿಡುಕದೆ ಕೇಳಿಸಿಕೊಳ್ಳುವುದು, ಇವು ಯಾವ ಪುರಾಣದಲ್ಲಿಯೂ ಬಾರದ ಸಣ್ಣ ಸಂಗತಿಗಳು. ಆದರೆ ಅಣುವ್ರತವೆಂಬ ಹೆಸರೇ ಸಣ್ಣದರ ಮಹತ್ತ್ವವನ್ನು ಸಾರುತ್ತದೆ. ಸಂಜೆಯ ಆಲೋಚನೆಯಲ್ಲಿ 'ಈ ದಿನ ಯಾರ ಗುಣವನ್ನು ಮುಚ್ಚಿದೆ, ಯಾವ ಸುಳ್ಳು ಹಿರಿಮೆಯನ್ನು ಮೆರೆಸಿದೆ' ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿಕೊಂಡರೆ ಸೂತ್ರಕಾರರ ಉಪದೇಶವು ದಿನಚರಿಯಾಗುತ್ತದೆ.

ಇದೇ ಸೀಮೆಯ ಇತರ ಪರಂಪರೆಗಳಿಂದ ಕಲಿಯಲೂ ಸಂಕೋಚಪಡಬಾರದು. ಮಹದೇಶ್ವರನ ಒಕ್ಕಲಿನ ದೇವರಗುಡ್ಡರು ಕಂಸಾಳೆ ಹಿಡಿದು ಮನೆಮನೆಗೆ ಭಿಕ್ಷಕ್ಕೆ ಹೋಗುವುದನ್ನು ವ್ರತವೆಂದೇ ನಡೆಸುತ್ತಾರೆ. ದಿಗಂಬರ ಮುನಿಯು ನಿಂತು ಬೊಗಸೆಯಲ್ಲಿ ಆಹಾರ ಸ್ವೀಕರಿಸುವುದು ಅದೇ ತತ್ತ್ವದ ಪರಮಾವಧಿ. ಬೇಡುವ ಕೈಯನ್ನು ಪೂಜ್ಯವೆಂದು ಕಂಡ ನಾಡಿನಲ್ಲಿ ಕೊಡುವ ಕೈ ಬೀಗುವುದು ಸಲ್ಲದು.

ಟ್ರಸ್ಟುಗಳಿಗೂ ಮಾಡಲು ಕೆಲಸವಿದೆ. ಅದು ಕಷ್ಟವಾದುದೂ ಅಲ್ಲ. ಅಭಿಷೇಕ, ಶಾಂತಿಧಾರೆ, ಆರತಿಗಳ ಸರದಿಯನ್ನು ಸವಾಲಿನಿಂದ ಬಿಡಿಸಿ ಚೀಟಿ ಎತ್ತುವುದರಿಂದಲೋ ಮನೆಗಳ ಪಟ್ಟಿಯ ಕ್ರಮದಿಂದಲೋ ನಿರ್ಧರಿಸಬಹುದು. ದಾನವನ್ನು ಮುಚ್ಚಿದ ಲಕೋಟೆಯಲ್ಲಿ ಸ್ವೀಕರಿಸಿ ರಸೀದಿ ಕೊಡಬಹುದು. ಯಾರು ಎಷ್ಟು ಕೊಟ್ಟರೆಂಬುದನ್ನು ಧ್ವನಿವರ್ಧಕದಲ್ಲಿ ಸಾರುವ ಬದಲು, ಬಂದ ಹಣ ಯಾವುದಕ್ಕೆ ವೆಚ್ಚವಾಯಿತೆಂಬುದನ್ನು ಬಾಗಿಲಲ್ಲಿ ಬರೆದು ಹಾಕಬಹುದು. ಮುಚ್ಚಬೇಕಾದುದು ದಾನಿಯ ಹೆಸರು, ತೆರೆಯಬೇಕಾದುದು ಲೆಕ್ಕ; ಇಂದು ನಡೆಯುತ್ತಿರುವುದು ಇದರ ತಿರುಗುಮುರುಗು. ಪುರೋಹಿತರ ಸಂಭಾವನೆಯನ್ನು ಅವರು ಕೇಳುವ ಮೊದಲೇ, ತಿಂಗಳ ಮೊದಲ ದಿನವೇ, ಕೈಮುಗಿದು ಕೊಡಬಹುದು. ಪದಾಧಿಕಾರಿಗಳು ಸಭೆಗಳಲ್ಲಿ ನೆಲದ ಮೇಲೆ ಎಲ್ಲರೊಡನೆ ಕುಳಿತುಕೊಳ್ಳಬಹುದು. ಅವಧಿ ಮುಗಿದವರು ಒಂದು ವರ್ಷ ಬಸದಿಯ ಅಂಗಳ ಗುಡಿಸುವ ಸರದಿಯನ್ನು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಸನ್ಮಾನ ಬೇರೊಂದಿಲ್ಲ. ಇಷ್ಟಾದರೆ ಆದಾಯ ಕುಗ್ಗೀತೆಂಬ ಭಯ ಕೆಲವರಿಗಿರಬಹುದು. ಮೊದಲ ವರ್ಷ ಕುಗ್ಗಲೂಬಹುದು. ಆದರೆ ಹೆಸರು ಕೂಗಿಸುವುದನ್ನು ನಿಲ್ಲಿಸಿದೊಡನೆ ನಿಂತುಹೋಗುವ ದಾನವು ದಾನವೇ ಆಗಿರಲಿಲ್ಲವೆಂಬುದಾದರೂ ಆಗ ಸಮಾಜಕ್ಕೆ ತಿಳಿದೀತು. ದೊಡ್ಡ ಮೊತ್ತದ ಮುಂದೆ ನಾಚಿ ಹಿಂದೆ ಸರಿದಿದ್ದ ಸಣ್ಣ ಕೈಗಳು ಆಗ ಮುಂದೆ ಬರುತ್ತವೆ. ಹತ್ತು ಮನೆಗಳ ಊರಿನಲ್ಲಿ ಹತ್ತೂ ಮನೆಗಳು ಕೊಡುವುದು ಎರಡು ಮನೆಗಳು ಕೊಡುವುದಕ್ಕಿಂತ ಬಾಳಿಕೆಯುಳ್ಳದ್ದು.

ಗುಳ್ಳಕಾಯಜ್ಜಿಯ ಐತಿಹ್ಯದ ಚಾವುಂಡರಾಯನೊಡನೆ ಹೆಸರು ಸೇರಿರುವ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಮಾನಕ್ಕೆ ನಾಲ್ಕು ಹೋಲಿಕೆಗಳನ್ನು ಕೊಟ್ಟಿದ್ದಾರೆ. ಕಲ್ಲಿನಂತಹ ಮಾನ, ಎಲುಬಿನಂತಹ ಮಾನ, ಮರದಂತಹ ಮಾನ, ಬೆತ್ತದಂತಹ ಮಾನ. ಒಂದಕ್ಕಿಂತ ಒಂದು ಸುಲಭವಾಗಿ ಬಾಗುತ್ತದೆ. ಕಲ್ಲು ಮಾತ್ರ ಬಾಗುವುದೇ ಇಲ್ಲ, ನರಕಗತಿಗೆ ಒಯ್ಯುತ್ತದೆ. ಚಾಮರಾಜನಗರದ ಜನರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ತಾಲ್ಲೂಕಿನ ಕರಿಕಲ್ಲು ಹೊಳಪಿಗೂ ಗಡಸುತನಕ್ಕೂ ಹೊರದೇಶಗಳಲ್ಲಿಯೂ ಹೆಸರಾದುದು. ಬಿಳಿಗಿರಿ, ಬಂಡೀಪುರಗಳ ಕಾಡಿನ ಬಿದಿರು ಗಾಳಿಗೆ ಬಾಗಿ ಏಳುವುದನ್ನೂ ಅವರು ಕಂಡಿದ್ದಾರೆ. ದಾನಿಗಳ ಹೆಸರು ಹೊತ್ತ ಫಲಕಗಳೆಲ್ಲ ಕಲ್ಲಿನವೇ ಆಗಿರುವುದು ಆಕಸ್ಮಿಕವಿರಬಹುದು. ಆದರೆ ಬಸದಿಯ ಹೊಸ್ತಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವಂತೆ ಬಾಗಿಲನ್ನು ಗಿಡ್ಡವಾಗಿ ಇಟ್ಟ ಹಿರಿಯರ ಉದ್ದೇಶ ಆಕಸ್ಮಿಕವಲ್ಲ. ಬರುವ ಭಾದ್ರಪದದೊಳಗೆ ಒಂದು ಊರಿನ ಒಂದು ಬಸದಿಯಾದರೂ ಸವಾಲನ್ನು ನಿಲ್ಲಿಸಿ, ಕಂಬದ ಹಿಂದಿನವರ ಕೈಗೆ ಮೊದಲ ಕಲಶವನ್ನು ಕೊಡಲಿ. ಉತ್ತಮ ಮಾರ್ದವದ ಪ್ರವಚನವನ್ನು ಆ ವರ್ಷ ಪ್ರತ್ಯೇಕವಾಗಿ ಏರ್ಪಡಿಸಬೇಕಾಗುವುದಿಲ್ಲ.